ಆರನೇ ತರಗತಿಗೆ ಆಫ್ರಿಕಾದ ಕುಣಿತ: ಹುಲ್ಲಿನ ಲಂಗವಿಲ್ಲದೆ ಹೇಳಿಕೊಡುವುದು ಹೇಗೆ?

ಶಿರಸಿ ಟೀಚರ್ · ಜುಲೈ 5, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಆರನೇ ತರಗತಿಯಲ್ಲಿ 27 ಮಕ್ಕಳು. ಆಫ್ರಿಕಾ ಎಂದರೆ ನೈಲ್, ಸಹಾರಾ, ಕಿಲಿಮಂಜಾರೊ ಎಂದು ಬಾಯಿಪಾಠ ಮಾಡಿಸಿ ಮುಂದೆ ಸಾಗುವುದು ರೂಢಿ. ಈ ಸಲ ನಾಲ್ಕು ಪಿರಿಯಡ್ ಉಳಿಸಿಕೊಂಡಿದ್ದೇನೆ. ಅಲ್ಲಿನ ಹಾಡು, ಕುಣಿತ, ವಾದ್ಯಗಳ ಮೂಲಕ ಅಲ್ಲಿಯ ಜನ ಎಂಥ ನೆಲದಲ್ಲಿ ಬದುಕುತ್ತಾರೆ, ಏನು ಕೆಲಸ ಮಾಡುತ್ತಾರೆ ಎಂದು ತೋರಿಸಬೇಕೆಂಬ ಆಸೆ.

ಆಸೆಗೆ ಕಾರಣ ಒಂದು ಕಹಿ ನೆನಪು. ಹೋದ ವರ್ಷ ನನ್ನ ತಂಗಿಯ ಮಗನ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. 'ಆಫ್ರಿಕನ್ ಡ್ಯಾನ್ಸ್' ಎಂದು ಘೋಷಿಸಿದರು. ಹನ್ನೆರಡು ಮಕ್ಕಳ ಮುಖ, ಕೈಕಾಲಿಗೆಲ್ಲ ಮಸಿ. ಸೊಂಟಕ್ಕೆ ಗೋಣಿಚೀಲ ಸೀಳಿ ಮಾಡಿದ ಲಂಗ. ಕೈಯಲ್ಲಿ ರಟ್ಟಿನ ಈಟಿ. ಯಾವುದೋ ಸಿನಿಮಾ ಹಾಡಿಗೆ 'ಝಿಂಗಾಲಾಲಾ' ಎಂದು ಕೂಗುತ್ತಾ ಒಂದು ಮಗುವನ್ನು ಕಂಬಕ್ಕೆ ಕಟ್ಟಿ ಸುತ್ತ ಕುಣಿದರು. ಚಪ್ಪಾಳೆಯೋ ಚಪ್ಪಾಳೆ. ನಮ್ಮ ಹುಡುಗನಿಗೆ ಮಸಿ ಬಿಡಿಸಲು ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜುತ್ತಿದ್ದಾಗ, "ದೊಡ್ಡಮ್ಮ, ಅಲ್ಲಿಯವರು ದಿನಾ ಹೀಗೇ ಇರುತ್ತಾರಾ?" ಎಂದು ಕೇಳಿದ. ಏನು ಉತ್ತರ ಕೊಡುವುದು ತಿಳಿಯಲಿಲ್ಲ.

ಕರೆಂಟ್ ಇದ್ದರೆ ಪ್ರೊಜೆಕ್ಟರ್ ಇದೆ, ನನ್ನ ಮೊಬೈಲ್ ಇದೆ. ಎಲ್ಲಿಂದ ಶುರು ಮಾಡಲಿ?

ಟೆಮಾ ಕನ್ನಡಿಗ · ಜುಲೈ 5, ರಾತ್ರಿ 11.15

ಮೇಡಂ, ನಾನು ಘಾನಾ ದೇಶದ ಟೆಮಾ ಬಂದರಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಮೊದಲು ಮಾಡಬೇಕಾದದ್ದು ಒಂದೇ: 'ಆಫ್ರಿಕಾದ ಕುಣಿತ' ಎನ್ನುವ ಮಾತನ್ನೇ ಹಲಗೆಯಿಂದ ಅಳಿಸಿಬಿಡಿ. 54 ದೇಶಗಳಿವೆ. ಯಕ್ಷಗಾನ, ಭಾಂಗ್ರಾ, ಬಿಹು ಮೂರನ್ನೂ ಕಲಸಿ 'ಏಷ್ಯಾದ ಕುಣಿತ' ಎಂದು ಯಾರಾದರೂ ತೋರಿಸಿದರೆ ನಮಗೆ ಹೇಗೆ ಅನಿಸುತ್ತದೆ? ಎರಡೋ ಮೂರೋ ಊರು ಆರಿಸಿಕೊಳ್ಳಿ. ಊರಿನ ಹೆಸರು ಹೇಳಿ, ಜನರ ಹೆಸರು ಹೇಳಿ.

ಇಲ್ಲಿನ ಕಡಲತೀರದ್ದೇ ಒಂದು ಉದಾಹರಣೆ ಕೊಡುತ್ತೇನೆ. ವೋಲ್ಟಾ ನದಿಯಾಚೆ ಕೇಟಾ ಎಂಬ ಊರಿನ ಕಡೆ ಎವೆ ಎಂಬ ಜನರಿದ್ದಾರೆ. ದೋಣಿಯಲ್ಲಿ ಹೋಗಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು ಬರುತ್ತಾರೆ. ಆಮೇಲೆ ಮರಳಿನ ಮೇಲೆ ಎರಡು ಸಾಲಾಗಿ ನಿಂತು ಹಗ್ಗ ಎಳೆಯುತ್ತಾರೆ. ಗಂಟೆಗಟ್ಟಲೆಯ ಕೆಲಸ. ಒಬ್ಬ ಹಾಡು ಎತ್ತಿಕೊಡುತ್ತಾನೆ, ಉಳಿದವರು ಉತ್ತರ ಹೇಳುತ್ತಾರೆ, ಆ ಉತ್ತರದ ಮೇಲೆ ಎಳೆತ. ಹಾಡು ತಪ್ಪಿದರೆ ಹಗ್ಗ ಸಡಿಲ. ಇಲ್ಲಿ ತಾಳವೆಂದರೆ ಅಲಂಕಾರವಲ್ಲ, ಅದೊಂದು ಉಪಕರಣ.

ಇದೇ ಎವೆ ಜನರ ಡೋಲುಗಳನ್ನು ನೋಡಿ. ಬೇರೆ ಕಡೆ ಇಡೀ ಮರದ ದಿಮ್ಮಿ ಕೊರೆದು ಡೋಲು ಮಾಡುತ್ತಾರೆ. ಇವರದ್ದು ಪೀಪಾಯಿಯ ಹಾಗೆ: ಮರದ ಪಟ್ಟಿಗಳನ್ನು ಜೋಡಿಸಿ ಕಬ್ಬಿಣದ ಬಳೆ ತೊಡಿಸಿರುತ್ತಾರೆ. ಹಡಗು, ಪೀಪಾಯಿ, ವ್ಯಾಪಾರ ಎಲ್ಲ ಕಂಡ ಕಡಲ ಊರಿನ ಡೋಲು ಅದು. ಡೋಲಿನ ಚಿತ್ರ ತೋರಿಸಿ, "ಇದು ಇನ್ಯಾವ ವಸ್ತುವಿನಂತಿದೆ?" ಎಂದು ಕೇಳಿ. ಮಕ್ಕಳೇ ಹೇಳುತ್ತಾರೆ.

ಇನ್ನೊಂದು ಮಾತು. ಇಲ್ಲಿನ ರಾಜಧಾನಿ ಅಕ್ರಾದ ಗಾ ಜನರಲ್ಲಿ ಮಂಗಳವಾರ ಯಾರೂ ಮೀನಿಗೆ ಇಳಿಯುವುದಿಲ್ಲ. ಅಂದು ಕಡಲಿಗೆ ವಿಶ್ರಾಂತಿ, ದಡದಲ್ಲಿ ಬಲೆ ಹೊಲಿಯುವ ಕೆಲಸ. ಅದೇ ಗಾ ಹುಡುಗರು 1960ರ ದಶಕದಲ್ಲಿ ಕ್ಪಾನ್‌ಲೋಗೊ ಎಂಬ ಹೊಸ ಕುಣಿತ ಹುಟ್ಟಿಸಿದರು. ಆದ್ದರಿಂದ 'ಸಾವಿರಾರು ವರ್ಷಗಳ ಪ್ರಾಚೀನ ಕಲೆ' ಎಂಬ ಪೀಠಿಕೆಯನ್ನು ದಯವಿಟ್ಟು ಬಿಡಿ. ನನ್ನ ಅಮ್ಮನಿಗಿಂತ ಚಿಕ್ಕ ವಯಸ್ಸಿನ ಕುಣಿತಗಳೂ ಅಲ್ಲಿವೆ.

ಹೊನ್ನಾವರ ಹುಡುಗ · ಜುಲೈ 6, ಬೆಳಿಗ್ಗೆ 7.05

ಟೆಮಾದ ಸರ್ ಹೇಳಿದ್ದು ನಮ್ಮ ರಂಪಣಿಯೇ! ಅಜ್ಜ ರಂಪಣಿ ಎಳೆದವರು. ಊರಿಗೆ ಊರೇ ಹಗ್ಗ ಹಿಡಿಯುತ್ತಿತ್ತು, ಕೂಗು ಹಾಕುತ್ತಿತ್ತು ಎನ್ನುತ್ತಿದ್ದರು. ಯಾಂತ್ರಿಕ ಬೋಟುಗಳ ಪರ್ಸೀನ್ ಬಲೆ ಬಂದ ಮೇಲೆ ರಂಪಣಿ ಹೋಯಿತು, ಅದರ ಜೊತೆ ಕೂಗೂ ಹೋಯಿತು. ಟೀಚರ್, ಹಗ್ಗಜಗ್ಗಾಟದ ಹಗ್ಗ ಶಾಲೆಯಲ್ಲಿ ಇದ್ದೇ ಇರುತ್ತದೆ. ಒಮ್ಮೆ ಹಾಡಿಲ್ಲದೆ, ಒಮ್ಮೆ ಹಾಡಿನೊಂದಿಗೆ ಎಳೆಸಿ ನೋಡಿ.

ಗಣಿ ಕಾಲೊನಿ · ಜುಲೈ 6, ಮಧ್ಯಾಹ್ನ 1.20

ನಾನು ಕೆಜಿಎಫ್‌ನವನು. ತಾತ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದವರು. ನಿಮ್ಮ ಪಾಠಕ್ಕೆ ಗಮ್‌ಬೂಟಿಗಿಂತ ಒಳ್ಳೆಯ ಆರಂಭ ಸಿಗಲಾರದು.

ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರಾಂಡ್‌ನಲ್ಲಿ ಚಿನ್ನ ಸಿಕ್ಕಿದ್ದು 1886ರಲ್ಲಿ. ಜೋಹಾನ್ಸ್‌ಬರ್ಗ್ ನಗರ ಹುಟ್ಟಿದ್ದೇ ಅದರಿಂದ. ಮೊಜಾಂಬಿಕ್, ಲೆಸೊಥೊ, ನಟಾಲ್ ಕಡೆಯಿಂದ ಗಂಡಸರನ್ನು ಕರಾರಿನ ಮೇಲೆ ಕರೆತಂದರು. ಸುರಂಗದಲ್ಲಿ ನೀರು ನಿಲ್ಲುತ್ತಿತ್ತು, ಕಾಲು ಕೊಳೆಯದಿರಲೆಂದು ರಬ್ಬರ್ ಬೂಟು ಕೊಟ್ಟರು. ಆ ಬೂಟನ್ನೇ ಅವರು ವಾದ್ಯ ಮಾಡಿಕೊಂಡರು: ಅಂಗೈಯಿಂದ ಬೂಟಿಗೆ ಹೊಡೆತ, ನೆಲಕ್ಕೆ ತುಳಿತ, ಹಿಮ್ಮಡಿಗೆ ಹಿಮ್ಮಡಿ. ಇದಕ್ಕೆ ಇಸಿಕಾಥುಲೊ ಎನ್ನುತ್ತಾರೆ. ಜುಲು ಭಾಷೆಯಲ್ಲಿ ಆ ಪದಕ್ಕೆ ಪಾದರಕ್ಷೆ ಎಂದರ್ಥ. ಮೂಲ ಗಣಿಯೋ, ಅದಕ್ಕೂ ಮೊದಲಿನ ಡರ್ಬನ್ ಬಂದರಿನ ಹಮಾಲರೋ ಎಂದು ಎರಡು ವಾದಗಳಿವೆ. ಆದರೆ ಬೆಳೆದದ್ದು ಗಣಿಯಲ್ಲಿ. ಕುಣಿತದ ನಡುವೆ ಮೇಲ್ವಿಚಾರಕನ ಗತ್ತನ್ನು ಅಣಕಿಸುವ ಭಾಗವೂ ಇರುತ್ತದೆ. ಮಕ್ಕಳಿಗೆ ಅದು ಥಟ್ಟನೆ ಹಿಡಿಸುತ್ತದೆ, ನೋಡುತ್ತಿರಿ.

ಈಗ ನನ್ನನ್ನು ಬಹಳ ದಿನದಿಂದ ಕಾಡಿದ ಪ್ರಶ್ನೆ. ನಮ್ಮಲ್ಲೂ ಚಿನ್ನವಿತ್ತು. ಮೂರು ಕಿಲೋಮೀಟರಿಗೂ ಹೆಚ್ಚು ಆಳ, ಕತ್ತಲು, ಬೆವರು, ಬ್ರಿಟಿಷ್ ಕಂಪನಿ, ಹತ್ತಾರು ಕಡೆಯಿಂದ ಬಂದ ಕೂಲಿಗಳು ಎಲ್ಲ ಇದ್ದವು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆದರೂ ಕೆಜಿಎಫ್‌ನಲ್ಲಿ ಬೂಟಿನ ಕುಣಿತ ಹುಟ್ಟಲಿಲ್ಲ. ಯಾಕೆ?

ನನಗೆ ಹೊಳೆದದ್ದು ಇಷ್ಟು. ನಮ್ಮ ತಾತ ಪಾಳಿ ಮುಗಿಸಿ ಲೈನ್ ಮನೆಗೆ ಬರುತ್ತಿದ್ದರು. ಅಜ್ಜಿ ಬಿಸಿನೀರು ಕಾಯಿಸಿಟ್ಟಿರುತ್ತಿದ್ದರು. ಬೀದಿಯಲ್ಲಿ ಮಾರಿಯಮ್ಮನ ಗುಡಿ, ಚರ್ಚು, ತಮಟೆ, ಭಜನೆ ಎಲ್ಲ ಇತ್ತು, ಹಾಡು ಕುಣಿತಕ್ಕೆ ಊರಿತ್ತು. ಅಲ್ಲಿಯವರಿಗೆ ಮನೆ ನೂರಾರು ಮೈಲಿ ದೂರ. ಗಂಡಸರನ್ನಷ್ಟೇ ತುಂಬಿದ ಬೇಲಿಯೊಳಗಿನ ವಠಾರ, ಹೊರಗೆ ಹೋದರೆ ಪಾಸ್ ತೋರಿಸುವ ಕಾನೂನು. ಅವರ ಹತ್ತಿರ ಉಳಿದದ್ದು ಕಾಲಿನ ಬೂಟು ಮಾತ್ರ. ಪರಿಸರ ಎಂದರೆ ಬಂಡೆ, ನೀರು, ಮರ ಮಾತ್ರವಲ್ಲ, ಆ ಬೇಲಿಯೂ ಸೇರಿತು. ಇದನ್ನು ಹೇಳದೆ ಬೂಟು ಬಡಿಸಿದರೆ ಅದು ಕವಾಯತು ಆಗುತ್ತದೆ ಅಷ್ಟೇ.

ನಿವೃತ್ತ ಜಾನಪದ ಮೇಷ್ಟ್ರು · ಜುಲೈ 6, ಸಂಜೆ 6.30

ಗಣಿ ಕಾಲೊನಿಯ ತಮ್ಮ ಬರೆದದ್ದನ್ನು ಎರಡು ಸಲ ಓದಿದೆ. ನಾನು ಹೇಳಬೇಕೆಂದಿದ್ದ ಎಚ್ಚರಿಕೆಯನ್ನು ಅವರೇ ಹೇಳಿಬಿಟ್ಟರು. 'ಕಾಡಿದೆ, ಆದ್ದರಿಂದ ಡೋಲು. ಹುಲ್ಲುಗಾವಲಿದೆ, ಆದ್ದರಿಂದ ಹಾಡು' ಎಂಬ ಸೂತ್ರ ಪರೀಕ್ಷೆಗೆ ಚೆನ್ನ, ಬದುಕಿಗಲ್ಲ.

ಕೀನ್ಯಾ, ತಾಂಜಾನಿಯಾದ ಮಸಾಯಿಗಳು ದನಗಾಹಿಗಳು. ಅವರ ಆಡುಮು ಕುಣಿತದಲ್ಲಿ ಯುವಕರು ಒಬ್ಬೊಬ್ಬರಾಗಿ ವೃತ್ತದ ನಡುವೆ ಬಂದು ನೆಟ್ಟಗೆ ಮೇಲಕ್ಕೆ ಜಿಗಿಯುತ್ತಾರೆ, ಹಿಮ್ಮಡಿ ನೆಲ ಮುಟ್ಟಬಾರದು. ಡೋಲು ಇಲ್ಲ. ಗಂಟಲಿನಲ್ಲೇ ತಾಳ, ಗಂಟಲಿನಲ್ಲೇ ಶ್ರುತಿ. ದನ ಹೊಡೆದುಕೊಂಡು ಮೇವಿನ ಬೆನ್ನು ಹತ್ತಿ ಹೋಗುವವರು ಮಣಭಾರದ ಡೋಲು ಹೊತ್ತು ತಿರುಗಲಾರರು ಎಂದು ಹೇಳಬಹುದು. ಸರಿಯೇ. ಆದರೆ ಬುರುಂಡಿಗೆ ಹೋಗಿ. ಅಲ್ಲಿಯೂ ದನವೆಂದರೆ ಪ್ರಾಣ. ಆದರೆ ಅಲ್ಲಿ ತಲೆಯ ಮೇಲೆ ಹೊತ್ತು ತರುವ ಭಾರೀ ರಾಜ ಡೋಲುಗಳಿವೆ. ಅವಕ್ಕೆ ಇಂಗೋಮ ಎಂದು ಹೆಸರು. ಅದೇ ಪದಕ್ಕೆ ರಾಜ್ಯ ಎಂಬ ಅರ್ಥವೂ ಇದೆ. ಅಲ್ಲಿ ಬೇರೂರಿದ ಅರಸೊತ್ತಿಗೆಯಿತ್ತು. ಅಂದರೆ ದನ ಒಂದೇ ಆದರೂ ಊರು ಬೇರೆ.

ಪರಿಸರದಲ್ಲಿ ಪಾದ್ರಿಯೂ ಒಬ್ಬ. ಜಿಂಬಾಬ್ವೆಯ ಶೋನಾ ಜನರ ಎಂಬೆಂಡೆ ಕುಣಿತಕ್ಕೆ ಒಂದು ಬಿಲದ ಪ್ರಾಣಿಯ ಹೆಸರು. ಮಿಷನರಿಗಳು ಈ ಕುಣಿತಕ್ಕೆ ಕೆಂಗಣ್ಣು ಬಿಟ್ಟಾಗ ಅದಕ್ಕೆ ಜೆರುಸಲೇಮಿನ ಹೆಸರು ಅಂಟಿಕೊಂಡಿತು, 'ಜೆರುಸರೆಮಾ' ಎಂದಾಯಿತು. ಹೆಸರಿಗೆ ದೇವರು ಬಂದ, ಹೆಜ್ಜೆ ಉಳಿಯಿತು. ಜನರ ಉಪಾಯ ಎಲ್ಲ ಕಡೆಯೂ ಒಂದೇ.

ಪದಗಳಿಂದಲೂ ಪಾಠ ಮಾಡಬಹುದು ಟೀಚರ್. ಸ್ವಾಹಿಲಿಯಲ್ಲಿ ಎನ್‌ಗೋಮ ಎಂದರೆ ಡೋಲು; ಕುಣಿತವೂ ಎನ್‌ಗೋಮ, ಅದರ ಸಂಭ್ರಮವೂ ಎನ್‌ಗೋಮ. ಬೆರಗುಪಡಬೇಕಿಲ್ಲ. ನಿಮ್ಮ ಕಡೆ 'ಆಟಕ್ಕೆ ಹೋಗೋಣ' ಎಂದರೆ ಯಕ್ಷಗಾನ ತಾನೆ? ಕ್ರಿಕೆಟ್ ಎಂದು ಯಾರೂ ತಿಳಿಯುವುದಿಲ್ಲವಲ್ಲ.

ತಮಟೆ ಕಟ್ಟುವವ · ಜುಲೈ 7, ಬೆಳಿಗ್ಗೆ 6.10

ದೊಡ್ಡವರೆಲ್ಲ ದೊಡ್ಡ ವಿಷಯ ಬರೆದಿದ್ದೀರಿ. ನನಗೆ ಗೊತ್ತಿರುವುದು ಚರ್ಮ ಮತ್ತು ಸೋರೆಬುರುಡೆ.

ತಮಟೆಯನ್ನು ಬಾರಿಸುವ ಮೊದಲು ಬೆಂಕಿಗೆ ಹಿಡಿಯುತ್ತೇವೆ. ಮಳೆಗಾಲದಲ್ಲಿ ಚರ್ಮ ನೀರು ಕುಡಿದು ಸಡಿಲವಾಗುತ್ತದೆ, ದನಿ 'ದಬ್' ಎನ್ನುತ್ತದೆ. ಕಾಯಿಸಿದರೆ ಬಿಗಿದು 'ಠಣ್' ಎನ್ನುತ್ತದೆ. ಹವೆಯೇ ಶ್ರುತಿ ಹಿಡಿಯುತ್ತದೆ, ನಾವು ಬರೀ ಕೈ ಆಡಿಸುವವರು. ಚರ್ಮ ಹೊದಿಸಿದ ಯಾವ ದೇಶದ ವಾದ್ಯಕ್ಕಾದರೂ ಇದೇ ಪಾಡು. ಮಕ್ಕಳಿಗೆ ಮೊದಲು ಇದನ್ನು ತೋರಿಸಿ.

ಎರಡನೆಯದು ಬಾಲಾಫೋನ್. ಪಶ್ಚಿಮ ಆಫ್ರಿಕಾದ ಮಾಲಿ, ಗಿನಿ, ಬುರ್ಕಿನಾ ಫಾಸೊ ಕಡೆಯ ವಾದ್ಯ. ಗಟ್ಟಿಮರದ ಪಟ್ಟಿಗಳನ್ನು ಸಾಲಾಗಿ ಜೋಡಿಸಿ, ಪ್ರತಿ ಪಟ್ಟಿಯ ಕೆಳಗೆ ಒಂದೊಂದು ಸೋರೆಬುರುಡೆ ಕಟ್ಟಿರುತ್ತಾರೆ. ಚಿಕ್ಕ ಪಟ್ಟಿಗೆ ಚಿಕ್ಕ ಬುರುಡೆ, ದೊಡ್ಡದಕ್ಕೆ ದೊಡ್ಡದು. ನನ್ನನ್ನು ಬೆರಗುಗೊಳಿಸಿದ್ದು ಬುರುಡೆಯ ಪಕ್ಕದಲ್ಲಿರುವ ಸಣ್ಣ ತೂತು. ಅದರ ಮೇಲೆ ಜೇಡದ ಮೊಟ್ಟೆಚೀಲದ ಪೊರೆ ಅಂಟಿಸುತ್ತಾರೆ. ನಮ್ಮ ಮನೆಯ ಗೋಡೆಯ ಮೇಲೆ ಬಿಳಿ ನಾಣ್ಯದ ಹಾಗೆ ಅಂಟಿಕೊಂಡಿರುತ್ತದಲ್ಲ, ಅಂಥದ್ದು. ಕೋಲಿನಿಂದ ಪಟ್ಟಿಗೆ ಹೊಡೆದಾಗ ಆ ಪೊರೆ ನಡುಗಿ ಝೇಂಕರಿಸುತ್ತದೆ. ಈಗೀಗ ಸಿಗರೇಟಿನ ಕಾಗದ, ಪ್ಲಾಸ್ಟಿಕ್ಕೂ ಬಂದಿದೆ. ಜಿಂಬಾಬ್ವೆಯಲ್ಲಿ ಬೆರಳಿನಿಂದ ಮೀಟುವ ಎಂಬಿರಾ ವಾದ್ಯಕ್ಕೆ ಸೋಡಾ ಬಾಟಲಿಯ ಮುಚ್ಚಳ ಕಟ್ಟುವುದೂ ಈ ಝೇಂಕಾರಕ್ಕೇ. ಹಿಂದೆ ಶಂಖದ ಹುಳುವಿನ ಚಿಪ್ಪು ಕಟ್ಟುತ್ತಿದ್ದರು.

ಇದನ್ನು 'ಕರಕರ ಸದ್ದು' ಎಂದು ಮೂಗು ಮುರಿಯುವವರಿಗೆ ಒಂದು ಮಾತು: ತಂಬೂರಿಯ ತಂತಿಯ ಕೆಳಗೆ ನಾವು ನೂಲೆಳೆ ಸಿಕ್ಕಿಸುವುದು ಇನ್ಯಾತಕ್ಕೆ?

ಒಣ ಸೋರೆಬುರುಡೆಯ ಎರಡೂ ತುದಿ ಕೊಯ್ದು, ಪಕ್ಕಕ್ಕೆ ಬೆರಳು ಹೋಗುವಷ್ಟು ತೂತು ಮಾಡಿ, ತೆಳ್ಳನೆ ಕಾಗದ ಅಂಟಿಸಿ, ಒಂದು ಕಡೆಯಿಂದ ಗುನುಗಲು ಹೇಳಿ. ಖರ್ಚು ಸೊನ್ನೆ.

ದೇಸಿ ಪಯಣಿಗ · ಜುಲೈ 7, ಬೆಳಿಗ್ಗೆ 10.00

ಇಷ್ಟೆಲ್ಲ ಯಾಕೆ? ಶಿರಸಿಯಿಂದ ಯಲ್ಲಾಪುರ ಎಷ್ಟು ದೂರ? ಒಂದು ಸಿದ್ದಿ ತಂಡವನ್ನು ಕರೆಸಿ ಕುಣಿಸಿದರೆ ಆಫ್ರಿಕಾವೇ ಶಾಲೆಗೆ ಬಂದಂತಾಯಿತು.

ಯಲ್ಲಾಪುರದ ಸಿದ್ದಿ ಶಿಕ್ಷಕಿ · ಜುಲೈ 7, ರಾತ್ರಿ 8.45

ದೇಸಿ ಪಯಣಿಗ ಅವರೇ, ಕರೆಸಿದರೆ ಬರುತ್ತೇವೆ. 'ಕುಣಿಸಿದರೆ' ಎಂಬ ಮಾತು ಬೇಡ.

ನಮ್ಮ ಹಿರಿಯರನ್ನು ಆಫ್ರಿಕಾದಿಂದ ತಂದವರು ವ್ಯಾಪಾರಿಗಳು. ಪೋರ್ಚುಗೀಸರು ಗೋವಾದಲ್ಲಿ ಗುಲಾಮರನ್ನಾಗಿ ದುಡಿಸಿದರು. ತಪ್ಪಿಸಿಕೊಂಡು ಬಂದವರಿಗೆ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಾಡು ಆಸರೆ ಕೊಟ್ಟಿತು. ಅದಾಗಿ ನೂರಾರು ವರ್ಷ. ನಮ್ಮಲ್ಲಿ ಹಿಂದೂಗಳಿದ್ದೇವೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಮಾತು ಕೊಂಕಣಿ, ಅಂಗಡಿಯ ಮಾತು ಕನ್ನಡ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದೆವು. ನಮ್ಮ ಡೋಲು ಡಮಾಮಿ ಬಡಿದು ನಾವು ಹಾಡುವಾಗ ಬರುವುದು ಇಲ್ಲಿಯ ಕಾಡು, ಇಲ್ಲಿಯ ಗದ್ದೆ, ಇಲ್ಲಿಯ ದೇವರು. ಅಜ್ಜಿಯರು ಹಳೆಯ ಸೀರೆ ಸೇರಿಸಿ ಹೊಲಿಯುವ ಕವದಿಯೂ ಹಾಗೆಯೇ. ಅದರ ಬಟ್ಟೆ ಇಲ್ಲಿಯದು, ಅದು ಕಾಯುವ ಚಳಿಯೂ ಇಲ್ಲಿಯದೇ.

ಡೋಲಿನ ಬಡಿತದಲ್ಲಿ ದೂರದ್ದೊಂದು ನೆನಪು ಉಳಿದಿರಬಹುದು. ಅದನ್ನು ನಾವು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇವೆ. ಆದರೆ ನಮ್ಮನ್ನು ವೇದಿಕೆಗೆ ಕರೆದು "ಆಫ್ರಿಕಾದ ಅತಿಥಿಗಳು" ಎಂದವರನ್ನು ಕಂಡಿದ್ದೇನೆ. ಸೀರೆ ಉಟ್ಟು ಹೋದರೆ, "ಸೊಪ್ಪು ಕಟ್ಟಿಕೊಂಡು ಬಂದರೆ ಚೆನ್ನಾಗಿತ್ತು" ಎಂದು ಗೊಣಗಿದ ಸಂಘಟಕರನ್ನೂ ಕಂಡಿದ್ದೇನೆ. ಶಿರಸಿ ಟೀಚರ್ ಹೇಳಿದ ಮಸಿ ಬಳಿದ ಮಕ್ಕಳ ಸಾಲಿನ ಮುಂದೆ ನಮ್ಮ ಮಗುವೊಂದು ಕುಳಿತಿದ್ದರೆ ಅದಕ್ಕೆ ಏನನಿಸುತ್ತಿತ್ತು? ನನಗೆ ಗೊತ್ತು. ನಾನು ಕುಳಿತಿದ್ದೆ.

ಸಿದ್ದಿಗಳ ಪಾಠ ಮಾಡುವುದಾದರೆ ಅದನ್ನು ಉತ್ತರ ಕನ್ನಡದ ಪಾಠವಾಗಿ ಮಾಡಿ. ಆಫ್ರಿಕಾದ ಪಾಠ ಮುಗಿದ ಮೇಲೆ, ಐದನೆಯ ಪಿರಿಯಡ್ಡಿಗೆ.

ದೇಸಿ ಪಯಣಿಗ · ಜುಲೈ 7, ರಾತ್ರಿ 9.20

ತಪ್ಪಾಯಿತು ಅಕ್ಕ. ಆ ಪದ ಹಿಂತೆಗೆದುಕೊಂಡಿದ್ದೇನೆ.

ಇಬಾದಾನ್‌ನಿಂದ ಬಂದವಳು · ಜುಲೈ 8, ಮಧ್ಯಾಹ್ನ 3.00

ನೈಜೀರಿಯಾದಲ್ಲಿ ಐದು ವರ್ಷ ಇದ್ದು ಬಂದೆ. ಯಾರೂ ಮಾತಾಡುವ ಡೋಲಿನ ಬಗ್ಗೆ ಬರೆಯಲಿಲ್ಲವಲ್ಲ! ಯೊರುಬಾ ಜನರ ದುಂದುನ್. ನಮ್ಮ ಡಮರುಗದಂತೆ ನಡು ಸಣ್ಣ, ಎರಡೂ ಮುಖಕ್ಕೆ ಚರ್ಮ, ಸುತ್ತ ಚರ್ಮದ ದಾರಗಳು. ಕಂಕುಳಲ್ಲಿ ಇಟ್ಟು ದಾರ ಅದುಮಿದರೆ ಸ್ವರ ಏರುತ್ತದೆ, ಬಿಟ್ಟರೆ ಇಳಿಯುತ್ತದೆ.

ಇದು ಯಾಕೆ ಅಲ್ಲಿ ಬೇರೂರಿತು? ಯೊರುಬಾ ಭಾಷೆಯಲ್ಲಿ ಸ್ವರದ ಏರಿಳಿತವೇ ಅರ್ಥ ಬದಲಿಸುತ್ತದೆ. 'ಒಕೊ' ಎಂಬುದನ್ನು ಸಮಸ್ವರದಲ್ಲಿ ಹೇಳಿದರೆ ಗಂಡ. ಕೊನೆ ಏರಿಸಿದರೆ ಗುದ್ದಲಿ. ಕೊನೆ ಇಳಿಸಿದರೆ ವಾಹನ. ಎರಡನ್ನೂ ತಗ್ಗಿಸಿದರೆ ಈಟಿ. ಆದ್ದರಿಂದ ಡೋಲು ಸ್ವರವನ್ನು ಹಿಡಿದರೆ ಮಾತನ್ನೇ ಹಿಡಿದಂತೆ. ಗೊಂದಲವಾಗದಿರಲೆಂದು ಒಂಟಿ ಪದಕ್ಕೆ ಬದಲು ಉದ್ದನೆಯ ನುಡಿಗಟ್ಟು, ಬಿರುದು, ಗಾದೆಗಳನ್ನು ಬಾರಿಸುತ್ತಾರೆ. ಮದುವೆ ಮನೆಗೆ ನಾನು ಕಾಲಿಟ್ಟಾಗ ಡೋಲಿನವನು ಏನೋ ಬಾರಿಸಿದ, ಸುತ್ತಲಿನವರು ನನ್ನತ್ತ ತಿರುಗಿ ನಕ್ಕರು. ಬಕ್ಷೀಸು ಕೊಡುವವರೆಗೂ ಡೋಲು ಬಿಡಲಿಲ್ಲ. ಕನ್ನಡದಲ್ಲಿ ಈ ಡೋಲು ಬಾಯಿ ಬಿಡಲಾರದು. ಗುದ್ದಲಿ, ಗಂಡ ಎರಡಕ್ಕೂ ನಮ್ಮಲ್ಲಿ ಬೇರೆ ಬೇರೆ ಅಕ್ಷರಗಳೇ ಬೇಕು.

ಶಿರಸಿ ಟೀಚರ್ · ಜುಲೈ 26, ರಾತ್ರಿ 10.05

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ.

ನಾಲ್ಕು ಪಿರಿಯಡ್ ಎಂದದ್ದು ಏಳಾಯಿತು. ಗಣಿತದ ಸರ್ ಇನ್ನೂ ಮುಖ ಗಂಟಿಕ್ಕಿಕೊಂಡೇ ಇದ್ದಾರೆ.

ಮೊದಲ ದಿನ ಏನೂ ಹೇಳದೆ, "ನಾಳೆ ಮನೆಯಿಂದ ಗಮ್‌ಬೂಟ್ ತನ್ನಿ" ಎಂದೆ. ನಮ್ಮದು ಅಡಿಕೆ ತೋಟದ ಸೀಮೆ, ಮಳೆಗಾಲದಲ್ಲಿ ಉಂಬಳದ ಕಾಟಕ್ಕೆ ಎಲ್ಲರ ಮನೆಯಲ್ಲೂ ಇರುತ್ತದೆ. ಹತ್ತೊಂಬತ್ತು ಜೊತೆ ಬಂದವು. ಅಪ್ಪಂದಿರ ಬೂಟು, ಮಕ್ಕಳ ತೊಡೆಯವರೆಗೆ. ಒಂದರೊಳಗಿಂದ ಕಪ್ಪೆ ಹಾರಿ ಹತ್ತು ನಿಮಿಷ ಪಾಠವೇ ಇಲ್ಲ. ಆಮೇಲೆ ಕಿಟಕಿ ಮುಚ್ಚಿ ಕತ್ತಲು ಮಾಡಿ, ಗಣಿಯ ಕಥೆ ಹೇಳಿದೆ. ಬೂಟು ಬಡಿಯುವ ಸದ್ದಿಗೆ ಪಕ್ಕದ ಕೋಣೆಯ ನಾಲ್ಕನೇ ತರಗತಿಯೂ ಬಾಗಿಲಿಗೆ ಬಂತು. ಮೇಲ್ವಿಚಾರಕನ ಅಣಕ ಮಾಡಿ ಎಂದಾಗ ಅವರು ಮಾಡಿದ್ದು ನನ್ನ ಅಣಕ. ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡುವುದು, ಡಸ್ಟರ್ ಬಡಿಯುವುದು ಎಲ್ಲ ಯಥಾವತ್ತು. ಬೇಲಿಯ ವಿಷಯ ಹೇಳಿದಾಗ ಮಾತ್ರ ಸುಮ್ಮನಾದರು. ಕೊನೆಯ ಬೆಂಚಿನ ಹುಡುಗಿಯೊಬ್ಬಳ ಅಪ್ಪ ಗೋವಾದಲ್ಲಿ ಕಟ್ಟಡ ಕೆಲಸಕ್ಕಿದ್ದಾರೆ. ಅವಳು ಕೇಳಿದ್ದು: "ಅವರಿಗೆ ಹಬ್ಬಕ್ಕಾದರೂ ರಜೆ ಕೊಡುತ್ತಿದ್ದರಾ ಟೀಚರ್?"

ಹಗ್ಗದ ಪ್ರಯೋಗದಲ್ಲಿ ಹಾಡು ಗೆದ್ದಿತು ಎನ್ನಲಾರೆ. ಹಾಡುತ್ತಾ ನಗು ಬಂದು ಎರಡೂ ಕಡೆಯವರು ಕೆಸರಿನಲ್ಲಿ ಬಿದ್ದರು.

ಸೋರೆಬುರುಡೆಗೆ ಕಾಗದ ಅಂಟಿಸಿದೆವು, ಸುಮಾರಾಗಿ ಬಂತು. ಒಬ್ಬ ಹುಡುಗ ಅಕ್ಕಿ ಕೋಣೆಯ ಗೋಡೆಯಿಂದ ಜೇಡದ ಬಿಳಿ ಪೊರೆಯನ್ನೇ ಉಗುರಿನಿಂದ ಬಿಡಿಸಿ ತಂದ. ಮರಿಗಳು ಹೊರಟುಹೋಗಿ ಖಾಲಿಯಾಗಿದ್ದದ್ದು. ಬಿಸಿಯೂಟದ ಅನ್ನದ ಅಗುಳು ಉಜ್ಜಿ ಅಂಟಿಸಿ ಗುನುಗಿದ. ಬುರುಡೆಯೊಳಗಿಂದ ದುಂಬಿಯ ದನಿ ಬಂತು! ಕೋಣೆ ಪೂರ್ತಿ ಸ್ತಬ್ಧ. ಆಮೇಲೆ ಶಾಲೆಯ ಯಾವ ಗೋಡೆಯಲ್ಲೂ ಜೇಡದ ಪೊರೆ ಉಳಿದಿಲ್ಲ, ಅಡುಗೆಯವರು ಮಾತ್ರ ಬಹಳ ಸಂತೋಷಪಟ್ಟರು.

'ಒಕೊ' ಆಟ ಈಗ ಇಡೀ ಶಾಲೆಗೆ ಹರಡಿದೆ. ಮುಖ್ಯೋಪಾಧ್ಯಾಯರನ್ನು ಕಂಡರೆ ಯಾರೋ ಈಟಿಯ ಸ್ವರದಲ್ಲಿ ಕೂಗುತ್ತಾರೆ.

ಸೋತದ್ದನ್ನೂ ಹೇಳಬೇಕು. ಕೊನೆಗೆ ಚಿತ್ರ ಬರೆಯಿರಿ ಎಂದಾಗ ಆರು ಮಕ್ಕಳು ಈಟಿ, ಹುಲ್ಲಿನ ಲಂಗವನ್ನೇ ಬರೆದರು. ಟಿವಿಯಲ್ಲಿ ಕಂಡದ್ದು ಏಳು ಪಿರಿಯಡ್ಡಿಗೆ ಅಳಿಸುವುದಿಲ್ಲ. ಮುಖ್ಯೋಪಾಧ್ಯಾಯರಿಗೆ ಬೂಟಿನ ಕುಣಿತ ಮೆಚ್ಚುಗೆಯಾಗಿ ಪ್ರತಿಭಾ ಕಾರಂಜಿಗೆ ಕಳಿಸೋಣ ಎಂದರು, "ಸ್ವಲ್ಪ ಮೇಕಪ್ ಹಚ್ಚಿ." ಮೇಕಪ್ ಇಲ್ಲದಿದ್ದರೆ ಕಳಿಸುತ್ತೇನೆ ಎಂದಿದ್ದೇನೆ. ಮಾತುಕತೆ ನಡೆದಿದೆ.

ಯಲ್ಲಾಪುರದ ಅಕ್ಕ, ಐದನೆಯದಲ್ಲ, ಎಂಟನೆಯ ಪಿರಿಯಡ್ ಈಗ ಖಾಲಿಯಿದೆ. ಉತ್ತರ ಕನ್ನಡದ ಪಾಠಕ್ಕೆ. ನೀವು ಮತ್ತು ಊರಿನ ಹಿರಿಯರು ಯಾರಾದರೂ ಬರಬಹುದೇ? ಬಸ್ಸಿನ ಖರ್ಚು, ಊಟ, ಗೌರವಧನ ಎಲ್ಲ ನಮ್ಮ ಹೊಣೆ.

ಯಲ್ಲಾಪುರದ ಸಿದ್ದಿ ಶಿಕ್ಷಕಿ · ಜುಲೈ 27, ಬೆಳಿಗ್ಗೆ 6.50

ಅಮ್ಮನನ್ನೂ ಚಿಕ್ಕಮ್ಮನನ್ನೂ ಕೇಳಿದೆ, ಬರುತ್ತಾರಂತೆ. ನಾಟಿ ಮುಗಿಯಲಿ, ಆಗಸ್ಟ್ ಎರಡನೇ ವಾರ ಆಗಬಹುದು. ಡಮಾಮಿಗೆ ಮಳೆಯ ತಂಡಿ ಹಿಡಿದಿದೆ. ಅಡುಗೆ ಕೋಣೆಯ ಒಲೆಯಲ್ಲಿ ಸ್ವಲ್ಪ ಕೆಂಡ ಉಳಿಸಿಡಲು ಹೇಳಿ, ಕಾಯಿಸಿಕೊಂಡೇ ಶುರು ಮಾಡೋಣ.